ಆಯಿ ನೋಡಿದ ಸಿನೆಮಾ

ನಾವು ಸಿನೆಮಾ ಪಂಡಿತರಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಸಂಘದ ಸಭೆಗಳಲ್ಲಿ ಹಿರಿಯರು ಕ್ಯಾಮರಾ, ಬೆಳಕು, ಸಂಕೇತ ಎಂದು ಚರ್ಚಿಸುವಾಗ ಹಿಂದಿನ ಸಾಲಿನಲ್ಲಿ ಕುಳಿತು ಚಹಾ ಯಾವಾಗ ಬಂದೀತೆಂದು ಬಾಗಿಲ ಕಡೆ ನೋಡುವ ಪೈಕಿ ನಾವು. ನಾವು ಎಂದರೆ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತ ಹೊರುವ ಈ ಗುಮಾಸ್ತ ಮತ್ತು ಅವನ ಸಹಧರ್ಮಿಣಿ. ಸಿನೆಮಾ ನೋಡಿದ್ದು ಇಬ್ಬರೂ ಸೇರಿ, ಆಮೇಲೆ ತಪ್ಪು ಮಾಡಿದ್ದೂ ಇಬ್ಬರೂ ಸೇರಿ. ಆದ್ದರಿಂದ ‘ನಾನು’ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ.

ನಮ್ಮ ಮನೆ ಧಾರಾವಿಯಲ್ಲಿ, ತೊಂಬತ್ತು ಅಡಿ ರಸ್ತೆಯಿಂದ ಒಳಗೆ ಹೊರಳುವ ಒಂದು ಗಲ್ಲಿಯಲ್ಲಿ. ಎದುರುಬದುರು ಮನೆಯವರು ಒಟ್ಟಿಗೆ ಬಾಗಿಲು ತೆರೆದರೆ ನಡುವೆ ದಾರಿ ಉಳಿಯುವುದಿಲ್ಲ. ವಿಜಯಪುರ ಜಿಲ್ಲೆಯಿಂದ ಬಂದು ಚರ್ಮದ ಚೀಲ ಹೊಲಿಯುವ ಕಾರಖಾನೆಯಲ್ಲಿ ದುಡಿದ ನಮ್ಮ ತಂದೆ ಈ ಖೋಲಿಯನ್ನು 1997ರಲ್ಲಿ ಕೊಂಡರು. ಸರಕಾರಿ ನೌಕರಿ ಇದ್ದೂ ಇಲ್ಲೇಕೆ ಇದ್ದೀರಿ ಎಂದು ಕೇಳುವವರುಂಟು. ಕ್ವಾರ್ಟರ್ಸಿನ ಸರದಿ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿದೆಯೆಂಬುದನ್ನು ಕಂಡವರು ಹಾಗೆ ಕೇಳಲಾರರು.

ಗಲ್ಲಿಯ ಕೊನೆಯ ಮನೆಯಲ್ಲಿ ಆಯಿ ಇದ್ದಾಳೆ. ಕನ್ನಡದವರು ಅಜ್ಜಿ ಎಂಬ ಅರ್ಥದಲ್ಲಿ, ಮರಾಠಿಯವರು ತಾಯಿ ಎಂಬ ಅರ್ಥದಲ್ಲಿ, ತಮಿಳರು ಎಲ್ಲರೂ ಕರೆಯುತ್ತಾರೆಂದು, ಅಂತೂ ಇಡೀ ಗಲ್ಲಿ ಅವಳನ್ನು ಆಯಿ ಎಂದೇ ಕರೆಯುತ್ತದೆ. ಬೆಳಗಾವಿ ಕಡೆಯವಳು, ವಯಸ್ಸು ಎಪ್ಪತ್ತು ದಾಟಿದೆ. ಹಗಲೆಲ್ಲ ಹದಿಮೂರನೆಯ ಕಂಪೌಂಡಿನ ಗೋದಾಮೊಂದರಲ್ಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಾಳೆ. ಅಮಾವಾಸ್ಯೆಯ ರಾತ್ರಿ ಅವಳ ಮೈಮೇಲೆ ಸವದತ್ತಿಯ ಎಲ್ಲಮ್ಮ ಬರುತ್ತಾಳೆ. ಬಂದಾಗ ಜನ ಕಾಯಿ, ಅಕ್ಕಿ, ಹತ್ತಿಪ್ಪತ್ತು ರೂಪಾಯಿ ಇಟ್ಟು ಮಗಳ ಮದುವೆ, ಮಗನ ಕುಡಿತ, ಕಳೆದ ಮೊಬೈಲು ಎಲ್ಲವನ್ನೂ ಕೇಳುತ್ತಾರೆ. ನಮ್ಮಿಬ್ಬರಲ್ಲಿ ಬಿ.ಎಸ್‌ಸಿ. ಪಾಸಾದವರು ಆ ಹೊತ್ತಿನಲ್ಲಿ ಟೀವಿಯ ಸದ್ದು ಸ್ವಲ್ಪ ಏರಿಸಿ ಕೂಡುತ್ತಾರೆ. ಪಾಸಾಗದವರು ಒಂದು ಕಾಯಿ ಹಿಡಿದು ಹೋಗಿ ಬರುತ್ತಾರೆ. ಸಂಸಾರ ಹೀಗೆ ಸರಾಗವಾಗಿ ನಡೆದಿತ್ತು.

2022ರ ಸೆಪ್ಟೆಂಬರ್ ಕೊನೆಗೆ ‘ಕಾಂತಾರ’ ಬಂತು. ಮುಂಬಯಿಯಲ್ಲಿ ಕನ್ನಡ ಚಿತ್ರ ಹೌಸ್‌ಫುಲ್ ಆಗುವುದನ್ನು ಕಣ್ಣಾರೆ ಕಂಡೆವು. ಅಕ್ಟೋಬರಿನ ಒಂದು ಭಾನುವಾರ ಟಿಕೆಟ್ ತೆಗೆಸಿದ್ದಾಗ ನಮ್ಮ ಮಗನಿಗೆ ಜ್ವರ ಬಂತು. ಅವನನ್ನು ಪಕ್ಕದ ಮನೆಯಲ್ಲಿ ಬಿಟ್ಟೆವು. ಟಿಕೆಟ್ ಹಾಳಾಗಬಾರದೆಂಬ ಗುಮಾಸ್ತ ಬುದ್ಧಿಯಿಂದ ಆಯಿಯನ್ನು ಕರೆದೆವು. ಅವಳು ಚಿತ್ರಮಂದಿರದೊಳಗೆ ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹಸಿರು ಸೀರೆಯುಟ್ಟು, ಎಲೆಯಡಿಕೆ ಚೀಲ ಹಿಡಿದು ಹೊರಟೇಬಿಟ್ಟಳು. ಮಾಲಿನ ಬಾಗಿಲಲ್ಲಿ ಪಹರೆಯವನು ಆ ಚೀಲವನ್ನು ತೆಗೆದಿರಿಸಿಕೊಂಡದ್ದಕ್ಕೆ ಆಕೆ ಸಿನೆಮಾದ ಅರ್ಧದವರೆಗೆ ಗೊಣಗುತ್ತಿದ್ದಳು.

ಈ ಪತ್ರಿಕೆಯ ಓದುಗರಲ್ಲಿ ಅನೇಕರು ತುಳುನಾಡಿನವರು. ಅವರಿಗೆ ಭೂತಕೋಲದ ವಿಷಯ ನಾವು ಹೇಳಹೊರಟರೆ ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾದೀತು. ಕತೆಯನ್ನಷ್ಟೇ ಎರಡು ಮಾತಿನಲ್ಲಿ ಹೇಳುತ್ತೇವೆ. 1847ರಲ್ಲಿ ಮನಸ್ಸಿಗೆ ನೆಮ್ಮದಿಯಿಲ್ಲದ ಅರಸನೊಬ್ಬ ಕಾಡಿನ ದೈವವನ್ನು ಬೇಡಿ ಪಡೆದು ಬದಲಿಗೆ ಊರವರಿಗೆ ಭೂಮಿ ಬಿಟ್ಟುಕೊಡುತ್ತಾನೆ. ಮುಂದೆ ಅವನ ವಂಶದವನು ಆ ಭೂಮಿಯನ್ನು ವಾಪಸು ಕೇಳಿ ಕೋರ್ಟಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸಾಯುತ್ತಾನೆ. 1990ರ ಹೊತ್ತಿಗೆ ಅದೇ ಮನೆತನದ ಧಣಿ ದೇವೇಂದ್ರ ಅಷ್ಟು ದಡ್ಡನಲ್ಲ. ಜನರ ಜೊತೆಯಲ್ಲೇ ಕುಳಿತು ಉಣ್ಣುತ್ತಾನೆ, ನಗುತ್ತಾನೆ. ಕೋರ್ಟಿನ ಹಾದಿ ಬಿಟ್ಟು ದೈವದ ಬಾಯಿಯ ಹಾದಿ ಹಿಡಿಯುತ್ತಾನೆ. ಕೋಲ ಕಟ್ಟುವ ಗುರುವನನ್ನು ಕರೆದು, ಭೂಮಿ ಬಿಟ್ಟುಕೊಡಿರೆಂದು ದೈವದ ಮಾತಾಗಿ ನುಡಿಯಲು ಹೇಳುತ್ತಾನೆ. ಗುರುವ ಒಪ್ಪುವುದಿಲ್ಲ. ಧಣಿ ಅವನನ್ನು ಕೊಂದು, ತಪ್ಪನ್ನು ಅರಣ್ಯಾಧಿಕಾರಿಯ ತಲೆಗೆ ಕಟ್ಟುತ್ತಾನೆ.

ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಗುಳಿಗ ಮೈದುಂಬಿದಾಗ ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಳಿಸಿದರು. ಬಿ.ಎಸ್‌ಸಿ.ಯವರ ಮೈಮೇಲೂ ರೋಮ ನಿಂತಿದ್ದವು. ಶಾರೀರಿಕ ಪ್ರತಿಕ್ರಿಯೆ ಎಂದುಕೊಂಡರು. ಆಯಿ ಮಾತ್ರ ಅಡಿಗೆ ಮಾಡುವವಳು ಇನ್ನೊಬ್ಬಳ ಒಲೆಯನ್ನು ನೋಡುವಂತೆ ನೋಡುತ್ತಿದ್ದಳು. ದೀಪ ಹತ್ತಿದ ಮೇಲೆ ಅವಳು ಮೊದಲು ಹೇಳಿದ್ದು ಇಷ್ಟು:

“ಅಷ್ಟು ಕುಣಿದ ಹುಡುಗಗ ಯಾರೂ ಒಂದು ಚೆರಿಗಿ ನೀರ ಕೊಡ್ಲಿಲ್ಲ ನೋಡವ್ವಾ.”

ಕರಾವಳಿಯ ಕನ್ನಡ ಆಕೆಗೆ ಪೂರ್ತಿ ಹಿಡಿದಿರಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ, ಧಣಿ ಆ ಗುರುವನಿಗೆ ಏನು ಕೇಳಿದನೆಂದು ವಿಚಾರಿಸಿದಳು. ಹೇಳಿದೆವು. ಸಾಯನ್ ಸೇತುವೆಯವರೆಗೂ ಸುಮ್ಮನಿದ್ದು, ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು:

“ನಮ್ಮೂರಾಗೂ ಕೇಳಿದ್ರು ತಮ್ಮಾ. ಅಲ್ಲಿ ಮೈಮ್ಯಾಲ ಬರಾಕಿ ಇಲ್ಲ ಅನ್ನಲಿಲ್ಲ. ಈ ಕೂಸಿಗೆ ಮುತ್ತು ಕಟ್ಟ್ರಿ ಅಂದ್ಲು. ನನಗ ಎಂಟು ವರ್ಸ.”

ನಮಗೆ ಮಾತು ಹೊರಡಲಿಲ್ಲ. ಮುತ್ತು ಕಟ್ಟುವುದು ಎಂದರೇನೆಂದು ಉತ್ತರ ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು ಸಾಕು: ಆ ಮಣಿಸರ ಕೊರಳಿಗೆ ಬಿದ್ದ ಹುಡುಗಿ ದೇವಿಯವಳು, ಅವಳಿಗೆ ಬೇರೆ ಮದುವೆಯಿಲ್ಲ, ಬೆಳೆದ ಮೇಲೆ ಊರಿನ ಉಳ್ಳವರ ಪಾಲು. ಹೀಗೆ ಮುತ್ತು ಕಟ್ಟಿಸಿಕೊಂಡ ಎಷ್ಟೋ ಹುಡುಗಿಯರು ನಮ್ಮ ಈ ಮುಂಬಯಿಯ ಕಾಮಾಠಿಪುರದವರೆಗೂ ಬಂದಿದ್ದಾರೆ. ಕಾನೂನು ಇರಲಿಲ್ಲವೆಂದಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಕಾಯಿದೆಯಾಗಿತ್ತು. ಕರ್ನಾಟಕ ಸರಕಾರ 1982ರಲ್ಲಿ ಮತ್ತೊಂದು ಮಾಡಿತು. ಆಯಿಯ ಕೊರಳಿಗೆ ಮುತ್ತು ಬಿದ್ದದ್ದು ಈ ಎರಡು ಕಾಯಿದೆಗಳ ನಡುವೆ, 1960ರ ಆಸುಪಾಸಿನಲ್ಲಿ. ಅಂದರೆ ಮೊದಲನೆಯದು ಪುಸ್ತಕದಲ್ಲಿ ಇಪ್ಪತ್ತೈದು ವರ್ಷಗಳಿಂದ ಇದ್ದಾಗ.

ಹದಿನೈದು ವರ್ಷ ಒಂದೇ ಗಲ್ಲಿಯಲ್ಲಿದ್ದೂ ನಮಗೆ ಇದು ಗೊತ್ತಿರಲಿಲ್ಲ. ಕೇಳಿರಲಿಲ್ಲ ಎಂಬುದೇ ಸರಿ.

ಆ ಚಿತ್ರದ ಮೇಲೆ ಆಗ ನಡೆದ ವಾದಗಳು ಓದುಗರಿಗೆ ನೆನಪಿರಬಹುದು. ದೈವಾರಾಧನೆ ಯಾವ ಧರ್ಮದ್ದು, ನಾಯಕ ನಾಯಕಿಯನ್ನು ಚಿವುಟಿದ್ದು ಸರಿಯೇ, ಕೂಗನ್ನು ಅನುಕರಿಸಬಹುದೇ ಇತ್ಯಾದಿ. ಕೂಗಬೇಡಿರೆಂದು ಚಿತ್ರದವರೇ ಕೈಮುಗಿದು ಕೇಳಿಕೊಂಡರೂ ನಮ್ಮ ಗಲ್ಲಿಯ ಹುಡುಗರು ತಿಂಗಳುಗಟ್ಟಲೆ ಕೂಗಿದರು. ಆದರೆ ಗುರುವನ ಮಾತನ್ನು ಯಾರೂ ಅಷ್ಟಾಗಿ ಆಡಲಿಲ್ಲ. ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಜಾತಿಗಳ ಬಡವರು. ರಾತ್ರಿ ಅವರ ಕಾಲಿಗೆ ಬೀಳುವ ಯಜಮಾನನ ಅಂಗಳದ ಅಂಚಿನಲ್ಲಿ ಬೆಳಿಗ್ಗೆ ಅವರೇ ಕೈಕಟ್ಟಿ ನಿಲ್ಲುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಚಿತ್ರ ಬಂದ ತಿಂಗಳಲ್ಲೇ ಕರ್ನಾಟಕ ಸರಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಒಳ್ಳೆಯದೇ ಆಯಿತು. ಸಿನೆಮಾ ಬರುವವರೆಗೆ ಅವರು ಕಾಣಿಸಿರಲಿಲ್ಲ ಎಂಬುದೂ ಅದರಿಂದಲೇ ಗೊತ್ತಾಯಿತು.

ಇನ್ನು ನಮ್ಮ ಕತೆ. 2024ರ ಮಾರ್ಚಿಯಲ್ಲಿ ಧಾರಾವಿಯ ಪುನರ್ವಿಕಾಸಕ್ಕಾಗಿ ಮನೆ ಮನೆ ಸಮೀಕ್ಷೆ ಶುರುವಾಯಿತು. ಬಾಗಿಲ ಮೇಲೆ ನಂಬರು ಬರೆಯುತ್ತಾರೆ, ಅಳತೆ ತೆಗೆಯುತ್ತಾರೆ, ಕಾಗದ ಕೇಳುತ್ತಾರೆ. ನೆಲಮಹಡಿಯವರು 2000ದ ಜನವರಿ 1ಕ್ಕೂ ಮುಂಚಿನಿಂದ ಇದ್ದೇವೆಂದು ತೋರಿಸಿದರೆ ಇಲ್ಲಿಯೇ 350 ಚದರಡಿಯ ಮನೆ ಪುಕ್ಕಟೆ. ತೋರಿಸಲಾಗದವರ ಲೆಕ್ಕ ಬೇರೆ. ಮರಾಠಿಯಲ್ಲಿ ಇದಕ್ಕೆ ‘ಪಾತ್ರ’, ‘ಅಪಾತ್ರ’ ಎನ್ನುತ್ತಾರೆ. ನಮಗೆ ಪಾತ್ರವೆಂದರೆ ನಾಟಕದ್ದು, ಇಲ್ಲವೆ ಅಡಿಗೆಮನೆಯ ಪಾತ್ರೆ. ತುಳುನಾಡಿನಲ್ಲಿ ದೈವ ಮೈಗೆ ಬರುವವನನ್ನು ಪಾತ್ರಿ ಎನ್ನುವುದುಂಟಂತೆ. ಆ ಬೇಸಗೆ ನಮ್ಮ ಗಲ್ಲಿಯಲ್ಲಿ ಈ ಒಂದು ಶಬ್ದ ಬಿಟ್ಟು ಬೇರೆ ಮಾತಿರಲಿಲ್ಲ. ನೀರಿನ ಸಾಲಿನಲ್ಲಿ ಅದೇ, ಶೌಚಾಲಯದ ಸಾಲಿನಲ್ಲೂ ಅದೇ. ಸಮೀಕ್ಷೆಯವರು ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಹೆದರಿಕೆ ಮೊದಲೇ ಬಂದಿತ್ತು.

ಹೆದರಿಕೆಯ ಬೆನ್ನಿಗೇ ಒಬ್ಬ ಏಜೆಂಟನೂ ಬಂದ. ಹೆಸರು ಬೇಡ. ಬಿಳಿಯ ಶರ್ಟು, ಮೃದುವಾದ ಮಾತು. ಮುದುಕಿಯರನ್ನು ಕಂಡರೆ ಕಾಲಿಗೆ ಬೀಳುವನು. ಮನೆಗೆ 5000 ರೂಪಾಯಿ ಮತ್ತು ಎಲ್ಲ ಕಾಗದಗಳ ಝೆರಾಕ್ಸ್ ಕೊಟ್ಟರೆ ‘ಫೈಲು ಪಕ್ಕಾ’ ಮಾಡಿಸಿಕೊಡುತ್ತೇನೆಂದ. ಜನ ಹಿಂದೆಮುಂದೆ ನೋಡಿದರು. ನಮ್ಮ ಗಲ್ಲಿಯ ಜನ ಬಡವರೇ ಹೊರತು ಮೂಢರಲ್ಲ. ಯಾರ ಮಾತು ನಂಬುತ್ತಾರೆಂದು ಅವನು ವಿಚಾರಿಸಿಕೊಂಡಿರಬೇಕು. ಅವನಿಗೆ ಎರಡು ಬಾಯಿಗಳು ಬೇಕಾಗಿದ್ದವು. ಒಂದು ಆಯಿಯದು, ಇನ್ನೊಂದು ನಮ್ಮದು.

ನಮ್ಮದು ಸುಲಭವಾಗಿ ಸಿಕ್ಕಿತು. ತಂದೆಯವರು ಖೋಲಿ ಕೊಂಡದ್ದು 20 ರೂಪಾಯಿಯ ಸ್ಟಾಂಪ್ ಕಾಗದದ ಮೇಲೆ. ವಿದ್ಯುತ್ ಬಿಲ್ಲು ಅವರ ಹೆಸರಿಗೆ ಆದದ್ದು 2003ರಲ್ಲಿ. ನಡುವಿನ ಆರು ವರ್ಷ ಬಿಲ್ಲುಗಳೆಲ್ಲ ಹಳೆಯ ಮಾಲಿಕನ ಹೆಸರಿನಲ್ಲಿ. ಆ ಆರು ವರ್ಷ ನಮ್ಮನ್ನು ರಾತ್ರಿ ಎಬ್ಬಿಸುತ್ತಿದ್ದವು. ಕಚೇರಿಯಲ್ಲಿ ಅರ್ಜಿಗೆ ಒಂದು ಕಾಗದ ಕಡಿಮೆಯಿದ್ದರೆ ವಾಪಸು ಕಳಿಸುವ ಕೈ ನಮ್ಮದೇ ಆದ್ದರಿಂದ ಹೆದರಿಕೆ ಇನ್ನಷ್ಟು. ಅವನು ಬಂದ, ಕುಳಿತ, ಚಹಾ ಕುಡಿದ, “ಸಾಹೇಬ್, ನಿಮ್ಮಂಥವರ ಕೆಲಸ ಮೊದಲು” ಎಂದ. ಭಿಶಿಯಲ್ಲಿ ಎತ್ತಿಟ್ಟ ದುಡ್ಡಿನಿಂದ 5000 ಎಣಿಸಿ ಕೊಟ್ಟೆವು. ಎಣಿಸಿದ ಕೈ ಒಬ್ಬರದು, ಬೇಡವೆನ್ನದ ಬಾಯಿ ಇನ್ನೊಬ್ಬರದು. ರಸೀದಿಯನ್ನೂ ಕೇಳಲಿಲ್ಲ. ಇಪ್ಪತ್ತು ವರ್ಷ ರಸೀದಿಯಿಲ್ಲದೆ ಒಂದು ಪೆನ್ಸಿಲಿಗೂ ಮಂಜೂರಾತಿ ಹಾಕದವರು!

ಮರುದಿನದಿಂದಲೇ ಗಲ್ಲಿಯಲ್ಲಿ, ಸರಕಾರಿ ಸಾಹೇಬರೇ ಕೊಟ್ಟಿದ್ದಾರೆ ಎಂಬ ಮಾತು ಹಬ್ಬಿತು. ನಲ್ಲಿಯ ಬಳಿ ಇಬ್ಬರು ಹೆಂಗಸರು ನೇರವಾಗಿ ಕೇಳಿದರು, “ಹೌದೇನ್ರಿ ಅಕ್ಕಾರ, ನೀವೂ ಕೊಟ್ಟೀರಂತ?” ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಕೊಡ ಎತ್ತಿಕೊಂಡು ಬಂದೆವು.

ಆಯಿಯ ಬಳಿಗೆ ಅವನು ಹಸಿರು ಖಣ, ಕಾಯಿ ಹಿಡಿದು ಹೋದ. ಯುಗಾದಿ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ಜನ ಮನೆಯ ವಿಷಯ ಕೇಳಿಯೇ ಕೇಳುತ್ತಾರೆ, ಕಾಗದ ಇವನ ಕೈಗೆ ಕೊಡಿರೆಂದು ಅವ್ವನ ಬಾಯಿಂದ ಒಂದು ಮಾತು ಬಂದರೆ ಸಾಕು, ಕಾಣಿಕೆ ಬೇರೆ ಕೊಡುತ್ತೇನೆ ಎಂದನಂತೆ. ಇದನ್ನು ಆಯಿಯೇ ನಮ್ಮ ಬಾಗಿಲಲ್ಲಿ ಕುಳಿತು ಹೇಳಿದಳು. ಹೇಳಿ, ನಮ್ಮ ಮುಖ ನೋಡಿದಳು. ನಮಗೆ ಗುರುವ ನೆನಪಾದ. ಬಾಯಿ ಬಿಟ್ಟರೆ ನಮ್ಮ 5000ದ ಸಂಗತಿಯೂ ಹೊರಬರುತ್ತದಲ್ಲ ಎಂಬುದೂ ನೆನಪಾಯಿತು. “ನೋಡ್ರಿ ಆಯಿ, ನಿಮಗ ಸರಿ ಕಂಡದ್ದು ಮಾಡ್ರಿ” ಎಂದೆವು. ಕಡತದ ಮೇಲೆ ‘ಮೇಲಧಿಕಾರಿಗಳ ಪರಿಶೀಲನೆಗೆ’ ಎಂದು ಬರೆದು ಮುಂದೆ ದೂಡುವ ಅಭ್ಯಾಸ, ನೋಡಿ, ಮನೆಯಲ್ಲೂ ಬಿಡುವುದಿಲ್ಲ.

ಏಪ್ರಿಲ್ 8, ಸೋಮವಾರ. ಆ ರಾತ್ರಿ ನಾವಿಬ್ಬರೂ ಹೋದೆವು, ಟೀವಿ ಹಚ್ಚಲಿಲ್ಲ. ಗಲ್ಲಿಯ ಕೊನೆಯಲ್ಲಿ ಎಪ್ಪತ್ತು ಎಂಬತ್ತು ಜನ. ಚೌಡಿಕೆ ಬಾರಿಸುವವನೊಬ್ಬನನ್ನು ಕರೆಸಿದ್ದರು. ಏಜೆಂಟ ಮುಂದಿನ ಸಾಲಿನಲ್ಲಿ ಕೈಮುಗಿದು ನಿಂತಿದ್ದ. ಆಯಿ ಮಿಂದು, ಭಂಡಾರ ಹಚ್ಚಿಕೊಂಡು ಜಗದ ಮುಂದೆ ನಿಂತಳು. ಉಧೋ ಉಧೋ ಎಂದು ಜನ ಕೂಗಿದರು. ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಅವಳ ಕುತ್ತಿಗೆ ಒಂದು ಬದಿಗೆ ವಾಲಿ ನಡುಕ ಶುರುವಾಗಬೇಕು. ಆಗಲಿಲ್ಲ. ಕರ್ಪೂರ ಮತ್ತೆ ಹಚ್ಚಿದರು. ಚೌಡಿಕೆಯವನ ಬೆರಳು ಸೋತವು. ಒಂಬತ್ತೂವರೆ ಆಯಿತು, ಹತ್ತಾಯಿತು. ಆಯಿ ಕಣ್ಣು ತೆರೆದುಕೊಂಡೇ ನಿಂತಿದ್ದಳು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಹಾಗೆ. ಅಂಥ ಹೆದರಿಕೆ ನಮಗೆ ಸಿನೆಮಾದಲ್ಲಿ ಆಗಿರಲಿಲ್ಲ. ಗುಳಿಗ ಬಂದಾಗ ಹೆದರಿದ್ದು ಬೇರೆ. ಇಲ್ಲಿ ಬರಬೇಕಾದವಳು ಬರುತ್ತಿಲ್ಲ, ಬಾರದವಳನ್ನು ಎಂಬತ್ತು ಜನ ಉಸಿರು ಹಿಡಿದು ಎಳೆಯುತ್ತಿದ್ದಾರೆ. ನಡುವೆ ಒಬ್ಬ ಮುದುಕಿ.

ಹತ್ತೂವರೆಗೆ ಆಯಿ ತಾನೇ ಆರತಿ ಕೆಳಗಿಟ್ಟಳು.

“ಅವ್ವ ಇವತ್ತ ಬರೂದಿಲ್ಲ. ಮನಿಗೆ ಹೋಗ್ರಿ.”

ಜನ ಕದಲಲಿಲ್ಲ. ಮೈಲಿಗೆ ಆಗಿರಬೇಕು, ಯಾರೋ ಏನೋ ತಿಂದು ಬಂದಿರಬೇಕು, ಆಯಿಗೆ ವಯಸ್ಸಾಯಿತು ಎಂದು ಗುಸುಗುಸು. ಏಜೆಂಟ ಮೊದಲು ಬಿಳಿಚಿಕೊಂಡ. ಆದರೆ ಅವನು ದೇವೇಂದ್ರನ ಸಂತತಿ. ಹೊರಗೆ ಬಂದು ಹತ್ತು ಜನರ ನಡುವೆ ನಿಂತು, “ಅವ್ವ ಬೇಡ ಅನ್ನಲಿಲ್ಲವಲ್ಲ!” ಎಂದ. ಆಮೇಲೆ, “ಸಾಹೇಬರನ್ನು ಕೇಳಿ, ಓದಿದವರು.” ಎಲ್ಲರ ಮುಖ ನಮ್ಮ ಕಡೆ ತಿರುಗಿತು. ಆಗಲಾದರೂ ಒಂದು ಮಾತು ಆಡಬಹುದಾಗಿತ್ತು. ಆಡಲಿಲ್ಲ. ಆ ವಾರದಲ್ಲಿ ಇನ್ನೂ ಹನ್ನೊಂದು ಮನೆಗಳು ದುಡ್ಡು ಕೊಟ್ಟವು.

ಮರುದಿನ ಯುಗಾದಿ. ಹೋಳಿಗೆ ಕೊಡುವ ನೆಪದಲ್ಲಿ ಆಯಿಯ ಮನೆಗೆ ಹೋಗಿ, ಬೇಕೆಂದೇ ಹಾಗೆ ಮಾಡಿದಿರಾ ಎಂದು ಕೇಳಿದೆವು. ವಿಜ್ಞಾನ ಓದಿದವರ ಕುತೂಹಲ. ಆಕೆಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

“ಬಂದಿದ್ರ ಮಾತಾಡ್ತಿದ್ಲು. ಬರ್ಲಿಲ್ಲ, ನಾ ಏನ್ ಮಾಡ್ಲಿ?” ಎಂದಳು. ಹೋಳಿಗೆ ಮುರಿಯುತ್ತ, “ನೀ ಯಾಕ ಕೊಟ್ಟಿ ತಮ್ಮಾ? ನಿನ್ನ ಮೈಮ್ಯಾಲ ಯಾರ ಬಂದಿದ್ರು?”

ಉತ್ತರ ನಮ್ಮಲ್ಲಿರಲಿಲ್ಲ, ಈಗಲೂ ಇಲ್ಲ.

ಮಳೆಗಾಲದ ಹೊತ್ತಿಗೆ ಏಜೆಂಟನ ಫೋನು ಬಂದಾಯಿತು. ಆಗ ನಾವು ಮೂಲೆಯಲ್ಲಿ ಬಿದ್ದಿದ್ದ ಕಾನೂನುಗಳನ್ನು ತೆಗೆದು ಓದಿದೆವು. ಡಾ. ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದ ಮೇಲೆ ಮಹಾರಾಷ್ಟ್ರ ಸರಕಾರ ಮಾಟಮಂತ್ರಗಳ ವಿರುದ್ಧ ಕಾನೂನು ತಂದಿತು. ಅವರು ಬದುಕಿದ್ದಾಗ ವರ್ಷಗಟ್ಟಲೆ ಕೇಳಿದ್ದರು. ಬಂದದ್ದು ಹೋದ ಮೇಲೆ. ಕರ್ನಾಟಕದಲ್ಲೂ ಅಂಥದೇ 2017ರ ಕಾಯಿದೆಯಿದೆ. ಮೈಯಲ್ಲಿ ಅತೀಂದ್ರಿಯ ಶಕ್ತಿ ಬಂದಿದೆಯೆಂದು ಹೇಳಿ ಜನರನ್ನು ಹೆದರಿಸುವುದು ಮಹಾರಾಷ್ಟ್ರದ ಕಾನೂನಿನ ಪ್ರಕಾರ ಅಪರಾಧ. ಒಳ್ಳೆಯ ಕಾನೂನು, ಬೇಕಾದದ್ದೇ. ಆದರೆ ನಮ್ಮ ಪ್ರಕರಣಕ್ಕೆ ಹಚ್ಚಿ ನೋಡಿದರೆ ವಿಚಿತ್ರವಾಯಿತು. ಯಾರನ್ನೂ ಹೆದರಿಸದ ಆಯಿಯ ಬಾಗಿಲಿಗೆ ಬೇಕಾದರೆ ಅದು ಬಂದೀತು. ಏಜೆಂಟನಿಗೆ ಯಾವ ಶಕ್ತಿಯೂ ಬಂದಿರಲಿಲ್ಲ, ಅವನು ಕೇಳಿದ್ದು ಝೆರಾಕ್ಸ್. ನಾವಂತೂ ಬಾಯಿಯನ್ನೇ ತೆರೆದಿರಲಿಲ್ಲ.

ಅವನದು ಸಾದಾ ಮೋಸದ ಕಲಮು. ಮರಾಠಿಯಲ್ಲಿ ದೂರು ಬರೆದು, ಮೊದಲ ಹೆಸರು ನಮ್ಮದೇ ಹಾಕಿ, ಹನ್ನೊಂದು ಮನೆಗಳ ಸಹಿ ಹೆಬ್ಬೆಟ್ಟು ತೆಗೆದುಕೊಂಡು ಠಾಣೆಗೆ ಕೊಟ್ಟೆವು. ಸಹಿಗಾಗಿ ಬಾಗಿಲು ಬಾಗಿಲಿಗೆ ಹೋದಾಗ, ನಾವೇ ಮೊದಲು ಕೊಟ್ಟದ್ದು, ಕೇಳಿದಾಗ ಹೇಳಲಿಲ್ಲ ಎಂದೂ ಹೇಳಿದೆವು. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಉಳಿದವರು ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಅದೇ ಜುಲೈನಲ್ಲಿ ಸದಾನಂದ ಸುವರ್ಣರು ತೀರಿಕೊಂಡ ಸುದ್ದಿ ಬಂತು. ಮುಂಬಯಿ ಕನ್ನಡ ರಂಗಭೂಮಿಯ ಹಿರಿಯರು. ಅನಂತಮೂರ್ತಿಯವರ ಕತೆಯಿಂದ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದ ನಿರ್ಮಾಪಕರು ಅವರೇ. ಸ್ವರ್ಣಕಮಲ ಪಡೆದ ಚಿತ್ರ. ಮುಂದೆ ದೂರದರ್ಶನಕ್ಕೆ ‘ಗುಡ್ಡದ ಭೂತ’ ಧಾರಾವಾಹಿ ಮಾಡಿದವರೂ ಅವರು. ಆ ರಾತ್ರಿ ‘ಘಟಶ್ರಾದ್ಧ’ವನ್ನು ಮೊಬೈಲಿನಲ್ಲಿ ಮತ್ತೆ ನೋಡಿದೆವು. ಕಪ್ಪು ಬಿಳುಪು, ದೊಡ್ಡ ಬಂಡವಾಳವಿಲ್ಲ, ದೆವ್ವವೂ ಇಲ್ಲ. ವೇದಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಾ ಬಸಿರಾಗುತ್ತಾಳೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ಮಂತ್ರ ಮುಗಿದು ಮಡಕೆ ಒಡೆದರೆ ಉಸಿರಾಡುತ್ತಿರುವ ಹುಡುಗಿ ಸತ್ತವಳಾಗುತ್ತಾಳೆ. ಇತ್ತ ಉಡುಪರಿಗೇ ಮತ್ತೊಂದು ಮದುವೆಯ ಮಾತು. ಕೊನೆಯಲ್ಲಿ ತಲೆ ಬೋಳಿಸಿದ ಯಮುನಕ್ಕ ಮರದ ಬುಡದಲ್ಲಿ ಕುಳಿತಿರುತ್ತಾಳೆ, ಅವಳನ್ನು ಅಷ್ಟು ಹಚ್ಚಿಕೊಂಡಿದ್ದ ಹುಡುಗ ನಾಣಿ ಅಪ್ಪನ ಜೊತೆ ಹೊರಟುಹೋಗುತ್ತಾನೆ. ನಾಣಿಗೆ ಬಾಯಿಲ್ಲ, ಅವನು ಮಗು. ನಮ್ಮಿಬ್ಬರಲ್ಲಿ ಯಾರಿಗೂ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಎರಡು ತಿಂಗಳೊಳಗೆ ಅದೇ ಚಿತ್ರವನ್ನು ಹೊಸದಾಗಿ ಸಂಸ್ಕರಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರೆಂದು ಓದಿದೆವು. ಸುವರ್ಣರು ಇನ್ನೊಂದು ಸ್ವಲ್ಪ ದಿನ ಇರಬೇಕಾಗಿತ್ತು.

ಆಯಿಗೆ ಆ ಚಿತ್ರ ತೋರಿಸುವ ಧೈರ್ಯವಾಗಲಿಲ್ಲ.

ಆ ಅಮಾವಾಸ್ಯೆಯ ನಂತರ ಅವಳ ಮನೆಗೆ ಬರುವ ಕಾಯಿಗಳು ಕಡಿಮೆಯಾದವು. ಅವ್ವ ಮುಂದಿನ ತಿಂಗಳುಗಳಲ್ಲಿ ಬಂದಳು, ಆದರೆ ಒಮ್ಮೆ ಬಾರದವ್ವ ಎಂಬ ಹೆಸರು ನಿಂತಿತು. ಅಕ್ಕಿ ಸಾಲದೆ ಆಯಿ ಗೋದಾಮಿನಲ್ಲಿ ಸಂಜೆಯ ಪಾಳಿಯನ್ನೂ ಹಿಡಿದಳು. ಸಮೀಕ್ಷೆಯವರು ಬಂದು ಅವಳ ಬಾಗಿಲ ಮೇಲೂ ನಂಬರು ಬರೆದರು. ಅವಳ ಕಾಗದಗಳನ್ನು ಈ ಸಾರಿ ನಾವೇ ಜೋಡಿಸಿ, ಅವಳೆದುರಿಗೇ ಅವರ ಕೈಗೆ ಕೊಟ್ಟೆವು. 1990ರ ರೇಷನ್ ಕಾರ್ಡನ್ನು ಆಕೆ ಎಲ್ಲಮ್ಮನ ಜಗದ ಕೆಳಗೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ನಮ್ಮ ಆರು ವರ್ಷಗಳ ಕಾಗದಗಳಿಗಿಂತ ಗಟ್ಟಿಯಾದ ಪುರಾವೆ.

2025ರ ಅಕ್ಟೋಬರ್ 2ರಂದು ‘ಕಾಂತಾರ’ದ ಮುಂದಿನ ಚಿತ್ರ ಬಂತು. ಮುಂದಿನದೆಂದರೆ ಕತೆಯಲ್ಲಿ ಹಿಂದಿನದು, ಕದಂಬರ ಕಾಲದ್ದು. ಟಿಕೆಟ್ ತೆಗೆಯುವ ಮೊದಲು ಆಯಿಯನ್ನು ಕೇಳಲು ಹೋದೆವು. ಪಾಳಿ ಮುಗಿಸಿ ಬಂದು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

“ಆ ಹುಡುಗ ಅದಾನೇನು ಅದರಾಗ? ಗುರುವ?”

“ಇಲ್ಲರಿ ಆಯಿ, ಇದು ಅವನಕಿಂತ ಭಾಳ ಹಿಂದಿನ ಕತಿ.”

“ಹಂಗಾರ ನೀವ ಹೋಗಿಬರ್ರಿ,” ಎಂದಳು. “ಕೂಸಿನ ಇಲ್ಲೇ ಬಿಟ್ಟು ಹೋಗ್ರಿ, ನಾ ನೋಡ್ಕೋತೀನಿ.”